ಬೋರ್ ನೀರಿನ ಮೀನಿಗೆ ಬಾಟಲಿ ಮದ್ದು

ಮೀನಿನ ಮದ್ದಿನ ಬಾಟಲಿ ಮೇಲೆ ಇಷ್ಟು ಲೀಟರಿಗೆ ಇಷ್ಟು ಹನಿ ಅಂತ ಬರೆದಿರುತ್ತದೆ. ಯಾವ ನೀರಿನ ಲೀಟರು ಅಂತ ಬರೆದಿರುವುದಿಲ್ಲ. ಮಾಲೂರಿನ ಸಾವಿರದಿನ್ನೂರು ಅಡಿ ಬೋರಿನ ನೀರು, ಶಿಡ್ಲಘಟ್ಟದಲ್ಲಿ ನೆಲದಡಿಯ ಸಂಪ್‌ಗೆ ಬಿಡಿಸಿಕೊಂಡ ಟ್ಯಾಂಕರ್ ನೀರು, ಪಾವಗಡದ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಹಿಡಿದ 20 ಲೀಟರ್ ಕ್ಯಾನು, ಈ ಮೂರೂ ಮೀನಿನ ಪಾಲಿಗೆ ಮೂರು ಬೇರೆ ಬೇರೆ ದೇಶ. ಒಂದೇ ಮದ್ದು ಒಂದರಲ್ಲಿ ಕೆಲಸ ಮಾಡುತ್ತದೆ, ಇನ್ನೊಂದರಲ್ಲಿ ಸುಮ್ಮನೆ ತಳ ಸೇರುತ್ತದೆ, ಮತ್ತೊಂದರಲ್ಲಿ ಮೀನನ್ನೇ ಮುಗಿಸುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಮನೆಯಲ್ಲಿ ಮೀನು ಸಾಕುವವರು ಮೊದಲು ಓದಬೇಕಾದ್ದು ತಮ್ಮ ನಲ್ಲಿಯನ್ನು, ಲೇಬಲ್ಲು ಆಮೇಲೆ.

ಮೀನು ಮಂಕಾದಾಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ: ಎಷ್ಟು ಮೀನಿಗೆ, ಎಷ್ಟು ಹೊತ್ತಿನಲ್ಲಿ? ನೀರು ಬದಲಿಸಿದ ಒಂದೆರಡು ಗಂಟೆಯಲ್ಲಿ ಎಲ್ಲ ಮೀನೂ ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ರೋಗದ ಹೆಸರು ಹುಡುಕಬೇಡಿ, ತಪ್ಪು ನೀರಿನದು. ಒಂದು ಮೀನಿನಿಂದ ಶುರುವಾಗಿ ನಾಲ್ಕೈದು ದಿನದಲ್ಲಿ ಮಿಕ್ಕವಕ್ಕೂ ಹಬ್ಬಿದರೆ ಪರಾವಲಂಬಿ ಅಥವಾ ಬ್ಯಾಕ್ಟೀರಿಯಾ. ತಿಂಗಳಾದರೂ ಒಂದೇ ಮೀನು ನರಳುತ್ತಿದ್ದು ಉಳಿದವು ಗೆಲುವಾಗಿದ್ದರೆ ಗಾಯವೋ, ಹೊಟ್ಟೆಯ ತೊಂದರೆಯೋ, ಮುದಿತನವೋ ಇರಬೇಕು. ಬೆಳಗಿನ ಜಾವ ಮಾತ್ರ ಮೇಲೆ ಬಂದು ಬಾಯಿ ಬಿಟ್ಟು, ಬಿಸಿಲೇರಿದ ಮೇಲೆ ಸರಿಹೋದರೆ ಗಿಡ ಹೆಚ್ಚಿರುವ ತೊಟ್ಟಿಯಲ್ಲಿ ರಾತ್ರಿ ಆಮ್ಲಜನಕ ಕಮ್ಮಿಯಾಗುತ್ತಿದೆ ಅಂತ ಅರ್ಥ. ಈ ಲೆಕ್ಕ ಹಾಕಲು ಯಾವ ಕಿಟ್ಟೂ ಬೇಡ, ನೋಡುವ ತಾಳ್ಮೆ ಇದ್ದರಾಯಿತು. ಊಟ ಹಾಕುವ ಹೊತ್ತಿಗೆ ಯಾರು ಹಿಂದೆ ಉಳಿದರು, ಯಾರು ರೆಕ್ಕೆ ಮಡಚಿಕೊಂಡು ಮೂಲೆ ಹಿಡಿದರು, ಯಾರು ಕಲ್ಲಿಗೆ ಮೈ ಉಜ್ಜಿದರು ಅನ್ನುವುದು ಚುಕ್ಕೆ ಕಾಣುವುದಕ್ಕಿಂತ ಎರಡು ದಿನ ಮೊದಲೇ ಗೊತ್ತಾಗುತ್ತದೆ.

ಈಗ ನೀರಿಗೆ ಬರೋಣ. ಆಳದ ಬೋರಿನ ನೀರು ಒತ್ತಡದಲ್ಲಿ ಮೇಲೆ ಬರುವಾಗ ಅದರಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿ, ಆಮ್ಲಜನಕ ಕಮ್ಮಿ. ಪೈಪಿನಲ್ಲಿ ಎಲ್ಲೋ ಗಾಳಿ ಎಳೆದುಕೊಂಡಿದ್ದರೆ ಸಾರಜನಕ ಮಿತಿ ಮೀರಿ ಕರಗಿರುತ್ತದೆ. ಇಂಥ ನೀರನ್ನು ಮೋಟರ್ ಪೈಪಿನಿಂದ ನೇರ ತೊಟ್ಟಿಗೆ ಬಿಟ್ಟರೆ ಗಾಜಿನ ಮೇಲೆ, ಮೀನಿನ ರೆಕ್ಕೆಯ ಒಳಗೆ, ಕೆಲವೊಮ್ಮೆ ಕಣ್ಣಿನೊಳಗೂ ಸೋಡಾ ಗುಳ್ಳೆಯಂಥ ಸಣ್ಣ ಗುಳ್ಳೆ ಕಾಣುತ್ತವೆ. ಇದನ್ನು ಬಿಳಿ ಚುಕ್ಕೆ ರೋಗ ಅಂದುಕೊಂಡು ಮದ್ದು ಹಾಕುವವರಿದ್ದಾರೆ. ಇದಕ್ಕೆ ಮದ್ದಿಲ್ಲ. ನೀರನ್ನು ಒಂದು ಡ್ರಮ್ಮಿಗೆ ಎತ್ತರದಿಂದ ಸುರಿಸಿ, ಪಂಪಿನ ಗಾಳಿಯನ್ನು ಸಣ್ಣ ಗುಳ್ಳೆಯಾಗಿ ಬಿಡುವ ಏರ್ ಸ್ಟೋನ್ ಹಾಕಿ 24 ಗಂಟೆ ಬಿಟ್ಟರೆ ಗಾಳಿ ಹದಕ್ಕೆ ಬರುತ್ತದೆ.

ಆ 24 ಗಂಟೆಯಲ್ಲಿ ಇನ್ನೊಂದು ಆಗುತ್ತದೆ. ಇಂಗಾಲದ ಡೈಆಕ್ಸೈಡ್ ಹಾರಿಹೋದಂತೆ ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರದ ಅಳತೆ, ಏರುತ್ತದೆ. ಹಿಡಿದ ತಕ್ಷಣ 7.2 ತೋರಿಸಿದ ನೀರು ಮರುದಿನ 8ರ ಮೇಲೆ ಹೋಗಿರಬಹುದು. ಹಾಗಾಗಿ ಪಿಎಚ್ ನೋಡುವುದು ಮರುದಿನವೇ. ಅಮೋನಿಯದ ಹಣೆಬರಹ ನಿಂತಿರುವುದು ಈ ಅಂಕಿಯ ಮೇಲೆ. ಮೀನಿನ ಹಿಕ್ಕೆ, ಉಳಿದ ಊಟದಿಂದ ಬರುವ ಒಟ್ಟು ಅಮೋನಿಯದಲ್ಲಿ ವಿಷಕಾರಿ ಪಾಲು 25 ಡಿಗ್ರಿಯಲ್ಲಿ, ಪಿಎಚ್ 7 ಇದ್ದರೆ ನೂರಕ್ಕೆ ಬರೀ 0.5ರಷ್ಟು, 8 ಇದ್ದರೆ ನೂರಕ್ಕೆ 5ಕ್ಕೂ ಮೇಲೆ, 8.5 ಇದ್ದರೆ ನೂರಕ್ಕೆ 15ರ ಹತ್ತಿರ. ಕಿಟ್‌ನಲ್ಲಿ ಲೀಟರಿಗೆ 1 ಮಿಲಿಗ್ರಾಂ ತೋರಿಸಿದರೆ ಮೆದು ನೀರಿನವರು ನಾಳೆ ನೋಡೋಣ ಅನ್ನಬಹುದು. ನಮ್ಮ ನೀರಿನಲ್ಲಿ ಅದೇ 1 ಮಿಲಿಗ್ರಾಂ ಅಂದರೆ 0.15 ಮಿಲಿಗ್ರಾಂ ಅಪ್ಪಟ ವಿಷ. ಕಿವಿರು ಸುಡಲು 0.05 ಸಾಕು. ಕಿವಿರು ಕೆಂಪಾಗಿ ಊದಿ, ಮೈಮೇಲೆ ಲೋಳೆ ಹೆಚ್ಚಾಗಿ, ರೆಕ್ಕೆಯ ಬುಡದಲ್ಲಿ ರಕ್ತದ ಗೆರೆ ಮೂಡಿದ್ದರೆ ಮೊದಲು ಊಟ ನಿಲ್ಲಿಸಿ, ಮೂರನೇ ಒಂದು ಪಾಲು ನೀರು ಬದಲಿಸಿ, ಸಂಜೆಗೆ ಇನ್ನೊಂದು ಸಲ ಬದಲಿಸಿ. ಕಿವಿರು ಕೆಂಪಿನ ಬದಲು ಕಾಫಿ ಕಷಾಯದ ಬಣ್ಣಕ್ಕೆ ತಿರುಗಿದ್ದರೆ ಅದು ನೈಟ್ರೈಟ್, ಅಮೋನಿಯದಿಂದಲೇ ಹುಟ್ಟುವ ಇನ್ನೊಂದು ವಿಷ. ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡಿರುತ್ತದೆ. ನೀರು ಬದಲಿಸುವುದರ ಜೊತೆಗೆ 10 ಲೀಟರಿಗೆ 1 ಗ್ರಾಂ ಉಪ್ಪು ಹಾಕಿದರೆ ಅದರ ಕ್ಲೋರೈಡು ನೈಟ್ರೈಟ್ ಕಿವಿರಿನೊಳಗೆ ನುಗ್ಗದ ಹಾಗೆ ಅಡ್ಡ ನಿಲ್ಲುತ್ತದೆ.

ಪುರಸಭೆ ನೀರಿನ ಕಥೆ ಬೇರೆ. ವಾರಕ್ಕೊಮ್ಮೆ ಬರುವ ನೀರಿಗೆ ನೀರುಗಂಟಿ ಯಾವತ್ತು ಎಷ್ಟು ಬ್ಲೀಚಿಂಗ್ ಪೌಡರ್ ಹಾಕಿದ ಅಂತ ಯಾರಿಗೂ ಗೊತ್ತಿರುವುದಿಲ್ಲ. ಮೂಗಿಗೆ ವಾಸನೆ ಬಂದರೆ ಮೀನಿಗೆ ಆಗಲೇ ಜಾಸ್ತಿಯಾಗಿದೆ ಅಂತಲೇ ಲೆಕ್ಕ. ಆ ಕ್ಲೋರಿನ್ ಕಳೆಯಲು 10 ಗ್ರಾಂ ಸೋಡಿಯಂ ಥಯೋಸಲ್ಫೇಟನ್ನು 100 ಮಿಲಿ ನೀರಿನಲ್ಲಿ ಕರಗಿಸಿ ಬಾಟಲಿಯಲ್ಲಿಟ್ಟುಕೊಳ್ಳಿ. 10 ಲೀಟರಿಗೆ 1 ಮಿಲಿ, ವಾಸನೆ ಜೋರಾಗಿದ್ದರೆ 2 ಮಿಲಿ. ಅಂಗಡಿಯ ಆಂಟಿ-ಕ್ಲೋರಿನ್ ಹರಳು ಬಹುಪಾಲು ಇದೇ ವಸ್ತು.

ಗಡಸು ನೀರಿನ ಭಯಕ್ಕೆ ಪೂರ್ತಿ ಆರ್‌ಒ ನೀರಿಗೆ, ಅಂದರೆ ಘಟಕದಲ್ಲಿ ಸೋಸಿದ ನೀರಿಗೆ, ಹೋಗುವುದು ಇನ್ನೊಂದು ಅತಿರೇಕ. ಫ್ಲೋರೈಡ್ ಕಾಟಕ್ಕೆ ನಮ್ಮ ಹಳ್ಳಿಹಳ್ಳಿಗೂ ಬಂದ ಘಟಕಗಳು ಮನುಷ್ಯರಿಗೆ ವರವೇ. ಆದರೆ ಆ ನೀರಿನಲ್ಲಿ ಪಿಎಚ್ ಹಿಡಿದು ನಿಲ್ಲಿಸುವ ಖನಿಜವೇ ಇರುವುದಿಲ್ಲ. ಒಂದು ವಾರ ಚೆನ್ನಾಗಿದ್ದು ಒಂದು ರಾತ್ರಿ ಪಿಎಚ್ ದಿಢೀರನೆ ಕುಸಿಯುತ್ತದೆ. ಗಪ್ಪಿ, ಮೋಲಿ, ಗೋಲ್ಡ್‌ಫಿಶ್ ಮೊದಲೇ ಗಡಸು ನೀರಿಗೆ ಒಗ್ಗುವ ಮೀನು, ಅವಕ್ಕೆ ಇದು ಶಿಕ್ಷೆ. ಬೆರೆಸಿ ಬಳಸಬೇಕು. ಬೋರಿನ ನೀರು 1200 ಟಿಡಿಎಸ್ (ನೀರಿನಲ್ಲಿ ಕರಗಿರುವ ಒಟ್ಟು ಲವಣದ ಅಳತೆ), ಆರ್‌ಒ 60 ಇದ್ದರೆ 3 ಕೊಡ ಬೋರಿಗೆ 7 ಕೊಡ ಆರ್‌ಒ ಸೇರಿಸಿ, ಸುಮಾರು 400 ಬರುತ್ತದೆ. ಟಿಡಿಎಸ್ ಮೀಟರ್ ಒಂದು ಕೊಂಡುಕೊಂಡರೆ ಅದು ಹೆಚ್ಚು ಉಪಯೋಗಕ್ಕೆ ಬರುವುದು ಹೊಸ ಮೀನು ತಂದ ದಿನ. ಬೆಂಗಳೂರಿನಲ್ಲಿ ಕಾವೇರಿ ನೀರಿನಲ್ಲಿದ್ದ ಮೀನನ್ನು ಕವರ್ ಬಿಚ್ಚಿ ಸೀದಾ 1200ಕ್ಕೆ ಬಿಟ್ಟರೆ, ಅದು ಮೂರು ದಿನದ ಮೇಲೆ ಸತ್ತಾಗ ಅಂಗಡಿಯವನನ್ನು ಬೈಯುತ್ತೇವೆ. ಕವರಿನ ನೀರಿಗೂ ತೊಟ್ಟಿಯ ನೀರಿಗೂ 200ಕ್ಕಿಂತ ಹೆಚ್ಚು ಅಂತರ ಇದ್ದರೆ ಬಕೆಟ್‌ಗೆ ಹಾಕಿ, ಏರ್ ಪಂಪಿನ ಸಣ್ಣ ಪೈಪಿಗೆ ಗಂಟು ಹಾಕಿ ಹನಿಹನಿಯಾಗಿ ಎರಡು ಗಂಟೆ ತೊಟ್ಟಿಯ ನೀರು ಬಿಡಿ.

ಚಿಕಿತ್ಸೆಗೆ ಬೇರೆ ತೊಟ್ಟಿ ಬೇಕೇ ಬೇಕು. ಗಾಜಿನದೇ ಆಗಬೇಕಿಲ್ಲ. 30–40 ಲೀಟರಿನ ತಿಳಿ ಬಣ್ಣದ ಪ್ಲಾಸ್ಟಿಕ್ ಟಬ್ಬು, ಒಂದು ಸ್ಪಾಂಜ್ ಫಿಲ್ಟರ್, ಹೀಟರ್, ಥರ್ಮಾಮೀಟರ್, ಅಡಗಲು ಒಂದು ತುಂಡು ಪಿವಿಸಿ ಪೈಪು, ಮೇಲೆ ಮುಚ್ಚಲು ಬಲೆ. ಮರಳು, ಕಲ್ಲು, ಗಿಡ ಬೇಡ. ಅವು ಮದ್ದನ್ನು ಹೀರುತ್ತವೆ, ಬಿದ್ದ ಪರಾವಲಂಬಿಯನ್ನು ಬಚ್ಚಿಡುತ್ತವೆ. ಸ್ಪಾಂಜು ಮಾತ್ರ ಯಾವಾಗಲೂ ದೊಡ್ಡ ತೊಟ್ಟಿಯಲ್ಲೇ ಓಡುತ್ತಿರಲಿ. ಬೇಕಾದಾಗ ಎತ್ತಿ ಟಬ್ಬಿಗೆ ಹಾಕಿದರೆ ಅಮೋನಿಯ ತಿನ್ನುವ ಬ್ಯಾಕ್ಟೀರಿಯಾ ರೆಡಿಯಾಗಿ ಬಂದಿರುತ್ತವೆ. ಲೀಟರ್ ಎಷ್ಟು ಅಂತ ಅಂದಾಜು ಮಾಡಬೇಡಿ. ಅಳತೆಯ ಬಕೆಟ್‌ನಲ್ಲಿ ಎಣಿಸಿ ತುಂಬಿ, ಟಬ್ಬಿನ ಹೊರಗೆ ಮಾರ್ಕರ್‌ನಿಂದ 10, 20, 30ಕ್ಕೆ ಗೆರೆ ಎಳೆದುಬಿಡಿ. ಡೋಸಿನ ತಪ್ಪಿನಲ್ಲಿ ಅರ್ಧಕ್ಕರ್ಧ ಇಲ್ಲೇ ಆಗುವುದು.

ಮದ್ದುಗಳಲ್ಲಿ ನನ್ನ ಓಟು ಕಲ್ಲುಪ್ಪಿಗೆ. ಇಲ್ಲಿ ಒಂದು ಮಾತಿನ ಗೊಂದಲ ಇದೆ. ನಮ್ಮ ಕಡೆ ಗಡಸು ನೀರಿಗೂ ಉಪ್ಪು ನೀರು ಅಂತಲೇ ಹೆಸರು. ‘ನಮ್ಮ ಬೋರೇ ಉಪ್ಪು, ಅದಕ್ಕಿನ್ನೇನು ಉಪ್ಪು ಹಾಕೋದು’ ಅಂತ ಕೇಳುತ್ತಾರೆ. ಆ ಉಪ್ಪು ಬಹುಪಾಲು ಕ್ಯಾಲ್ಸಿಯಂ, ಮೆಗ್ನೀಸಿಯಂ. ಪಾತ್ರೆಯ ತಳಕ್ಕೆ ಬಿಳಿ ಕಟ್ಟುವ ಸಾಮಾನು. ಮದ್ದಾಗಿ ಬೇಕಾದ್ದು ಸೋಡಿಯಂ ಕ್ಲೋರೈಡ್, ಅದೂ ಲೀಟರಿಗೆ 2–3 ಗ್ರಾಂ. 30 ಲೀಟರ್ ಟಬ್ಬಿಗೆ 90 ಗ್ರಾಂ. ಒಂದೇ ಸಲಕ್ಕೆ ಸುರಿಯದೆ 30 ಗ್ರಾಂನಂತೆ ಮೂರು ಕಂತು, ಕಂತಿಗೆ 12 ಗಂಟೆ ಅಂತರ. ಪ್ರತಿ ಸಲವೂ ಲೋಟದಲ್ಲಿ ಪೂರ್ತಿ ಕರಗಿಸಿ ಹಾಕಿ. ತಳದಲ್ಲಿ ಬಿದ್ದ ಹರಳಿನ ಮೇಲೆ ಮೀನು ಕೂತರೆ ಹೊಟ್ಟೆ ಸುಡುತ್ತದೆ. ಚಮಚದ ಅಳತೆ ಕಲ್ಲುಪ್ಪಿಗೆ ಸರಿಹೋಗುವುದಿಲ್ಲ, ತೂಕ ಮಾಡಿಯೇ ಹಾಕಿ. ಆವಿಯಾಗಿ ಇಳಿದ ನೀರಿಗೆ ಬರೀ ನೀರು ಸೇರಿಸಿ, ಯಾಕೆಂದರೆ ಉಪ್ಪು ಆವಿಯಾಗುವುದಿಲ್ಲ. ತೆಗೆದು ಚೆಲ್ಲಿದ ನೀರಿಗೆ ಮಾತ್ರ ಲೆಕ್ಕದ ಉಪ್ಪು ಮತ್ತೆ ಹಾಕಬೇಕು. ಇದನ್ನು ಮರೆತವರ ಟಬ್ಬು ಹತ್ತು ದಿನದಲ್ಲಿ ಸಮುದ್ರವಾಗಿರುತ್ತದೆ. ಕೋರಿಡೋರಾಸ್, ಲೋಚ್ ಥರದ ತಳದ ಮೀನಿಗೆ ಲೀಟರಿಗೆ 1 ಗ್ರಾಂ ಮೀರಬೇಡಿ.

ಬಿಳಿ ಚುಕ್ಕೆ ರೋಗದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ನಮ್ಮಲ್ಲಿ ಇದು ಡಿಸೆಂಬರ್–ಜನವರಿಯ ಕಾಯಿಲೆ. ರಾತ್ರಿ ಹೊರಗೆ 14–15 ಡಿಗ್ರಿಗೆ ಇಳಿದು, ಮಧ್ಯಾಹ್ನ ಬಿಸಿಲು ಹೊಡೆದು, ನಡುವೆ ಕರೆಂಟ್ ಹೋಗಿ ಹೀಟರ್ ನಿಂತು, ಮೀನಿನ ಮೈ ಸೋತಾಗ ಬರುತ್ತದೆ. ಮೈಮೇಲೆ, ರೆಕ್ಕೆ ಮೇಲೆ ಸಣ್ಣ ರವೆ ಅಂಟಿದಂತೆ ಒಂದೇ ಗಾತ್ರದ ಬಿಳಿ ಕಾಳು. ಬೆರಳಿನಿಂದ ಒರೆಸಿದರೆ ಹೋಗುವುದಿಲ್ಲ, ಯಾಕೆಂದರೆ ಆ ಜೀವಿ ಕೂತಿರುವುದು ಚರ್ಮದ ಪದರದ ಕೆಳಗೆ. ಬಾಟಲಿ ಮದ್ದು ಅಲ್ಲಿ ಅದನ್ನು ಮುಟ್ಟುವುದಿಲ್ಲ. ಅದು ಬಲಿತು ಉದುರಿ, ತಳಕ್ಕೆ ಹೋಗಿ ಚೀಲ ಕಟ್ಟಿಕೊಂಡು, ಒಳಗೇ ಒಡೆದು ನೂರಾರು ಮರಿಯಾಗಿ ಹೊರಗೆ ಈಜಿ ಬರುತ್ತದೆ. ಆ ಮರಿಗಳಿಗೆ ಒಂದೆರಡು ದಿನದೊಳಗೆ ಮೀನು ಸಿಗದಿದ್ದರೆ ಸಾಯುತ್ತವೆ. ಉಪ್ಪೋ ಮದ್ದೋ ಕೊಲ್ಲುವುದು ಈಜುವ ಆ ಮರಿಯನ್ನು ಮಾತ್ರ. ಇಡೀ ಸುತ್ತು 25 ಡಿಗ್ರಿಯಲ್ಲಿ ಸುಮಾರು ಒಂದು ವಾರ, ಚಳಿ ನೀರಿನಲ್ಲಿ ಅದಕ್ಕಿಂತ ಬಹಳ ನಿಧಾನ. ನೀರು ಬಿಸಿ ಮಾಡುವುದು ಅದನ್ನು ಬೇಗ ಬೇಗ ಚರ್ಮದಿಂದ ಹೊರಗೆ ಎಳೆಯುವ ಉಪಾಯ.

ಹಾಗಾಗಿ ದಿನಕ್ಕೆ 2–3 ಡಿಗ್ರಿಯಂತೆ ಏರಿಸಿ 30ಕ್ಕೆ ನಿಲ್ಲಿಸಿ. ಗೋಲ್ಡ್‌ಫಿಶ್‌ಗೆ 28 ಸಾಕು. ಉಪ್ಪು ಲೀಟರಿಗೆ 2–3 ಗ್ರಾಂ. ದಿನಾ ತಳದಿಂದ ಕಾಲು ಪಾಲು ನೀರು ಸೈಫನ್ ಮಾಡಿ ತೆಗೆಯಿರಿ, ಚೀಲಗಳು ಇರುವುದೇ ಅಲ್ಲಿ. ಮೂರನೇ ದಿನ ಚುಕ್ಕೆ ಜಾಸ್ತಿಯಾದ ಹಾಗೆ ಕಾಣುತ್ತದೆ. ಅದು ಒಳಗಿದ್ದದ್ದು ಬಲಿತು ಕಾಣಿಸಿಕೊಂಡದ್ದು. ಇಲ್ಲಿ ಗಾಬರಿಯಾಗಿ ಇನ್ನೊಂದು ಬಾಟಲಿ ಸುರಿದವರು ಮೀನು ಕಳೆದುಕೊಳ್ಳುತ್ತಾರೆ. ಏಳನೇ ದಿನ ಮೈ ಸ್ವಚ್ಛವಾದರೆ ನಿಲ್ಲಿಸಿಬಿಡುವುದು ಎರಡನೇ ತಪ್ಪು. ಕೊನೆಯ ಚುಕ್ಕೆ ಹೋದ ಮೇಲೂ ಐದು ದಿನ, ಒಟ್ಟು ಎರಡು ವಾರ ಮುಂದುವರಿಸಿ. ಒಂದು ಮೀನಿಗೆ ಬಂದರೆ ತೊಟ್ಟಿಗೇ ಬಂದಂತೆ, ಎಲ್ಲಕ್ಕೂ ಚಿಕಿತ್ಸೆ ಬೇಕು. ಹೀಟರ್ ಲೀಟರಿಗೆ 1 ವಾಟ್ ಅನ್ನುವ ಲೆಕ್ಕ ನಮ್ಮ ಚಳಿಗೆ ಸಾಲದು, 30 ಲೀಟರಿಗೆ 50–75 ವಾಟ್ ಇರಲಿ. ಟಬ್ಬಿನ ಮೂರು ಬದಿಗೂ ತಳಕ್ಕೂ ಥರ್ಮೋಕೋಲ್ ಕಟ್ಟಿ. ರಾತ್ರಿ ಕರೆಂಟ್ ಹೋಗುವ ಊರಾದರೆ ಮೇಲೆ ಒಂದು ಕಂಬಳಿ ಹೊದಿಸಿ, ಪಂಪಿಗೆ ಮಾತ್ರ ಯುಪಿಎಸ್ ಕೊಡಿ. ಹೀಟರನ್ನು ಅದಕ್ಕೆ ಹಾಕಿದರೆ ಬ್ಯಾಟರಿ ಬೆಳಗಾಗುವ ತನಕ ಬರುವುದಿಲ್ಲ.

ಚುಕ್ಕೆಯೆಲ್ಲ ಬಿಳಿ ಚುಕ್ಕೆ ರೋಗವಲ್ಲ. ಗಂಡು ಗೋಲ್ಡ್‌ಫಿಶ್‌ಗೆ ಮರಿ ಮಾಡುವ ಕಾಲದಲ್ಲಿ ಕಿವಿರು ಮುಚ್ಚಳದ ಮೇಲೆ, ಎದೆ ರೆಕ್ಕೆಯ ಮುಂದಿನ ಅಂಚಿನಲ್ಲಿ ಬಿಳಿ ಗುಳ್ಳೆ ಸಾಲಾಗಿ ಬರುತ್ತವೆ. ಅದು ಗಂಡಿನ ಗುರುತು, ಮದ್ದು ಬೇಡ. ಚುಕ್ಕೆ ಇನ್ನೂ ಸಣ್ಣದಾಗಿ, ಅರಿಸಿನ ಪುಡಿ ಉದುರಿಸಿದಂತೆ ಇದ್ದರೆ ಅದು ವೆಲ್ವೆಟ್ ಕಾಯಿಲೆ. ದೀಪ ಆರಿಸಿ ಮೊಬೈಲ್ ಟಾರ್ಚನ್ನು ಮೀನಿನ ಮೈಗೆ ಓರೆಯಾಗಿ ಹಿಡಿದರೆ ಚಿನ್ನದ ಧೂಳು ಮಿನುಗುತ್ತದೆ. ಇದರ ಜೀವಿಗೆ ಬೆಳಕಿನಿಂದ ಆಹಾರ ಮಾಡಿಕೊಳ್ಳುವ ಶಕ್ತಿ ಇರುವುದರಿಂದ ಟಬ್ಬನ್ನು ಕತ್ತಲಲ್ಲಿಡುವುದು ಚಿಕಿತ್ಸೆಯ ಒಂದು ಭಾಗ.

ಹತ್ತಿಯಂಥದ್ದು ಕಂಡಾಗ ಎಲ್ಲರೂ ಫಂಗಸ್ ಅನ್ನುತ್ತಾರೆ. ನಿಜವಾದ ಫಂಗಸ್ ಹಳೆ ಗಾಯದ ಮೇಲೆ ಉದ್ದುದ್ದ ಎಳೆಯಾಗಿ, ನೀರಿನಲ್ಲಿ ತೂಗಾಡುವ ಹತ್ತಿ ಉಂಡೆಯಾಗಿ, ನಿಧಾನಕ್ಕೆ ಬೆಳೆಯುತ್ತದೆ. ಮೆಥಿಲೀನ್ ಬ್ಲೂ ಅದಕ್ಕೆ ಸಾಕು, ಶೇ. 1ರ ದ್ರಾವಣವಾದರೆ 20 ಲೀಟರಿಗೆ 6 ಮಿಲಿ, ಟಬ್ಬಿನಲ್ಲಿ ಮಾತ್ರ. ದೊಡ್ಡ ತೊಟ್ಟಿಗೆ ಹಾಕಿದರೆ ಫಿಲ್ಟರ್ ಬ್ಯಾಕ್ಟೀರಿಯಾ ಸಾಯುತ್ತವೆ, ಗಾಜಿನ ಸಿಲಿಕಾನ್ ಜನ್ಮಕ್ಕೂ ನೀಲಿಯಾಗಿ ಉಳಿಯುತ್ತದೆ. ಅದೇ ಬಿಳಿ ತುಟಿಯ ಸುತ್ತ ಚಪ್ಪಟೆಯಾಗಿ ಅಂಟಿಕೊಂಡಿದ್ದು, ಬೆನ್ನಿನ ಮೇಲೆ ಕುದುರೆಗೆ ಜೀನು ಹಾಕಿದ ಹಾಗೆ ಮಾಸಲು ಪಟ್ಟೆ ಬಂದು, ಅಂಚು ಹಳದಿಯಾಗಿ, ಎರಡೇ ದಿನದಲ್ಲಿ ಮೀನು ಸಾಯುತ್ತಿದ್ದರೆ ಅದು ಕಾಲಮ್ನಾರಿಸ್ ಅನ್ನುವ ಬ್ಯಾಕ್ಟೀರಿಯಾ. ಈ ಎರಡರ ವ್ಯತ್ಯಾಸ ತಿಳಿಯದೆ ಹೋದರೆ ನಷ್ಟ ದೊಡ್ಡದು, ಯಾಕೆಂದರೆ ಕಾಲಮ್ನಾರಿಸ್‌ಗೆ ಶಾಖ ಅಂದರೆ ಹಬ್ಬ. ಬಿಳಿ ಚುಕ್ಕೆ ಅಂತ 30ಕ್ಕೆ ಏರಿಸಿದರೆ ತೊಟ್ಟಿ ಖಾಲಿಯಾಗುತ್ತದೆ. ಗಡಸು ನೀರಿನಲ್ಲಿ ಇದು ಕಿವಿರಿಗೆ ಇನ್ನೂ ಗಟ್ಟಿಯಾಗಿ ಅಂಟುತ್ತದೆ, ಅಂದರೆ ನಮ್ಮ ಬೋರಿನ ನೀರು ಅದಕ್ಕೆ ಹೇಳಿ ಮಾಡಿಸಿದ್ದು. ಶಾಖವನ್ನು 24ರ ಆಸುಪಾಸಿಗೆ ಇಳಿಸಿ, ಉಪ್ಪು ಕೊಟ್ಟು, ಪೊಟ್ಯಾಸಿಯಂ ಪರ್ಮಾಂಗನೇಟ್ ಸ್ನಾನ ಮಾಡಿಸಬಹುದು. 1 ಲೀಟರ್ ನೀರಿಗೆ 1 ಗ್ರಾಂ ಕರಗಿಸಿಟ್ಟುಕೊಂಡು, ಅದರಿಂದ ಟಬ್ಬಿನ ಲೀಟರಿಗೆ 2 ಮಿಲಿ. 20 ಲೀಟರಿಗೆ 40 ಮಿಲಿ, ನಾಲ್ಕು ಗಂಟೆ, ಗಾಳಿ ಜೋರಾಗಿ ಓಡುತ್ತಿರಲಿ. ಗುಲಾಬಿ ಬಣ್ಣ ಕಂದಾದರೆ ಅದರ ಶಕ್ತಿ ಮುಗಿದಿದೆ. ಪಿಎಚ್ 8.5ರ ಮೇಲಿದ್ದರೆ ಇದನ್ನು ಬಿಟ್ಟುಬಿಡಿ, ಅಂಥ ನೀರಿನಲ್ಲಿ ಕಂದು ಕೆಸರು ಕಿವಿರಿನ ಮೇಲೆ ಕೂತು ಉಸಿರು ಕಟ್ಟಿಸುತ್ತದೆ.

ಇನ್ನು ಆಂಟಿಬಯಾಟಿಕ್. ಅಂಗಡಿಯವರು ಕೊಡುವ ಹಳದಿ ಪುಡಿ ಹಲವು ಸಲ ಟೆಟ್ರಾಸೈಕ್ಲಿನ್ ಜಾತಿಯದು. ಅದನ್ನು ಗಡಸು ನೀರಿಗೆ ಹಾಕಿದ ತಕ್ಷಣ ಕ್ಯಾಲ್ಸಿಯಂ, ಮೆಗ್ನೀಸಿಯಂ ಅದನ್ನು ಹಿಡಿದು ಕಟ್ಟಿಹಾಕುತ್ತವೆ. ನೀರು ಹಳದಿಯಾಗುತ್ತದೆ, ನೊರೆ ಬರುತ್ತದೆ, ಮೀನಿನ ಒಳಗೆ ಹೋಗುವುದು ಹೆಚ್ಚೂ ಕಮ್ಮಿ ಏನೂ ಇಲ್ಲ. ನಮ್ಮ ಮೂರು ಜಿಲ್ಲೆಯಲ್ಲಿ ಈ ಪುಡಿಗೆ ಸುರಿದ ದುಡ್ಡು ಚರಂಡಿ ಪಾಲು ಅಂತಲೇ ಹೇಳಬೇಕು. ತಾಮ್ರದ ಮದ್ದಿನದೂ ಇದೇ ಪಾಡು. ಗಡಸು ನೀರಿನಲ್ಲಿ ಅದು ಕೆಲಸ ಮಾಡದೆ ಕೂರುತ್ತದೆ ಅಂತ ಡೋಸ್ ಏರಿಸುತ್ತಾರೆ, ಆಮೇಲೆ ಆರ್‌ಒ ನೀರು ಬೆರೆಸಿದ ದಿನ ಅದೇ ಡೋಸು ಪ್ರಾಣ ತೆಗೆಯುತ್ತದೆ. ಆಂಟಿಬಯಾಟಿಕ್ ಬೇಕೇ ಬೇಕು ಅನ್ನಿಸಿದಾಗ ಅದು ಊಟದಲ್ಲಿ ಹೋಗಬೇಕು, ತೂಕದ ಲೆಕ್ಕದಲ್ಲಿ, ಪಶುವೈದ್ಯರನ್ನು ಕೇಳಿ. ಅವರಿಗೆ ಮೀನಿನ ಅಭ್ಯಾಸ ಇಲ್ಲದಿದ್ದರೆ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಿ.

ರೇಷ್ಮೆ ಸಾಕುವ ಮನೆಗಳಲ್ಲಿ ಫಾರ್ಮಾಲಿನ್ ಕೈಗೆ ಸಿಗುತ್ತದೆ, ಚರ್ಮದ ಪರಾವಲಂಬಿಗೆ ಅದು ಒಳ್ಳೆಯ ಮದ್ದೂ ಹೌದು: 40 ಲೀಟರಿಗೆ 1 ಮಿಲಿ. ಆದರೆ ಎರಡು ಅಡ್ಡಿ ಇದೆ. ಹಳೆ ಕ್ಯಾನಿನ ತಳದಲ್ಲಿ ಬಿಳಿ ಪುಡಿ ಕಟ್ಟಿದ್ದರೆ ಅದು ಇನ್ನೂ ಘೋರ ವಿಷವಾಗಿದೆ, ಮೀನಿಗೆ ಮುಟ್ಟಿಸಬೇಡಿ. ಎರಡನೆಯದು ಆಮ್ಲಜನಕದ ಲೆಕ್ಕ. ಸಮುದ್ರಮಟ್ಟದಿಂದ 800–900 ಮೀಟರ್ ಮೇಲಿರುವ ನಮ್ಮ ಊರುಗಳಲ್ಲಿ ನೀರು ಹಿಡಿದಿಡುವ ಆಮ್ಲಜನಕ ಮಂಗಳೂರಿಗಿಂತ ನೂರಕ್ಕೆ ಹತ್ತರಷ್ಟು ಕಮ್ಮಿ. 30 ಡಿಗ್ರಿಯಲ್ಲಿ ಲೀಟರಿಗೆ 7 ಮಿಲಿಗ್ರಾಂ ಕೂಡ ಇರುವುದಿಲ್ಲ. ಆ ಡೋಸಿನ ಫಾರ್ಮಾಲಿನ್ ಒಂದೂವರೆ ದಿನದಲ್ಲಿ 5 ಮಿಲಿಗ್ರಾಂ ನುಂಗುತ್ತದೆ. ಶಾಖ ಏರಿಸಿ, ಫಾರ್ಮಾಲಿನ್ ಹಾಕಿ, ರಾತ್ರಿ ಕರೆಂಟ್ ಹೋದರೆ ಬೆಳಿಗ್ಗೆ ಏನು ಸಿಗುತ್ತದೆ ಅನ್ನುವುದು ಗಣಿತ.

ಗಾಯಗಳ ವಿಷಯದಲ್ಲಿ ಮೀನು ನಮ್ಮ ಊಹೆಗಿಂತ ಗಟ್ಟಿ. ಹುರುಪೆ ಕಿತ್ತು ಒಳಗೆ ಗುಲಾಬಿ ಬಣ್ಣ ಕಾಣುತ್ತಿದ್ದು, ಮೀನು ಊಟ ಮಾಡುತ್ತಿದ್ದರೆ ಸ್ವಚ್ಛ ನೀರು, ಲೀಟರಿಗೆ 1–2 ಗ್ರಾಂ ಉಪ್ಪು ಸಾಕು, ಕೆಲವು ವಾರದಲ್ಲಿ ಹುರುಪೆ ಮತ್ತೆ ಬರುತ್ತದೆ. ಬಾಲ ನೇರ ಸೀಳಿದ್ದರೆ ಇನ್ನೊಂದು ಮೀನು ಕಚ್ಚಿದೆ, ಅಥವಾ ಒರಟು ಕಲ್ಲು ತಾಕಿದೆ. ಅಂಚು ಹಾಲಿನ ಬಣ್ಣಕ್ಕೆ ತಿರುಗಿ, ಒಳಗಡೆಗೆ ಕೆಂಪು ಗೆರೆ ಇದ್ದು, ದಿನದಿನಕ್ಕೆ ಗಿಡ್ಡವಾಗುತ್ತಿದ್ದರೆ ಅದು ರೆಕ್ಕೆ ಕೊಳೆತ. ಅಂಚು ಪಾಲಿಥೀನ್ ಹಾಳೆಯ ಹಾಗೆ ಪಾರದರ್ಶಕವಾಗಿದ್ದರೆ ಅದು ಹೊಸದಾಗಿ ಚಿಗುರುತ್ತಿರುವ ರೆಕ್ಕೆ. ಅದನ್ನು ಕೊಳೆತ ಅಂದುಕೊಂಡು ಚೆನ್ನಾಗಿ ವಾಸಿಯಾಗುತ್ತಿರುವ ಮೀನಿಗೆ ಮದ್ದು ಸುರಿಯುವುದು ಬಲು ಸಾಮಾನ್ಯ. ಒಂದು ಕಣ್ಣು ಮಾತ್ರ ಉಬ್ಬಿದ್ದರೆ ಪೆಟ್ಟು, ಕಾಯಬೇಕು. ಎರಡೂ ಉಬ್ಬಿದ್ದರೆ ನೀರೋ ಒಳಗಿನ ಸೋಂಕೋ ನೋಡಬೇಕು. ಫಿಲ್ಟರ್ ಎಳೆದುಕೊಂಡು ಕೊಂದಿತು ಅನ್ನುವ ದೂರು ಕೇಳುತ್ತಿರುತ್ತೇವೆ. ಗಟ್ಟಿಮುಟ್ಟಾದ ಮೀನನ್ನು ಮನೆಯ ಫಿಲ್ಟರ್ ಎಳೆಯುವುದು ಕಷ್ಟ, ಮೀನು ಅದಕ್ಕೂ ಮುಂಚೆಯೇ ಸೋತಿತ್ತು.

ಹೊಂಡದಿಂದ ಬಂದ ಗೋಲ್ಡ್‌ಫಿಶ್, ಕೊಯಿ ಕಾರ್ಪ್ ಮೈಮೇಲೆ ಒಂದು ಸೆಂಟಿಮೀಟರ್ ಉದ್ದದ ಹುಲ್ಲಿನ ಎಳೆಯಂಥದ್ದು ನೇತಾಡುತ್ತಿದ್ದು, ಬುಡದಲ್ಲಿ ಕೆಂಪಾಗಿ ಊದಿದ್ದರೆ ಅದು ಆಂಕರ್ ವರ್ಮ್. ಹೊರಗೆ ಕಾಣುವುದು ಮೈ ಮತ್ತು ತುದಿಯಲ್ಲಿ ಕವಲಾದ ಎರಡು ಮೊಟ್ಟೆ ಚೀಲ. ತಲೆ ಲಂಗರಿನ ಹಾಗೆ ಮಾಂಸದೊಳಗೆ ಹರಡಿಕೊಂಡಿರುತ್ತದೆ. ತೆಗೆಯಲು ಇಬ್ಬರು ಬೇಕು. ಒಬ್ಬರು ಒದ್ದೆ ಸ್ಪಾಂಜಿನ ಮೇಲೆ ಮೀನನ್ನು ಮಲಗಿಸಿ, ಒದ್ದೆ ಬಟ್ಟೆಯಿಂದ ಕಣ್ಣು ಮುಚ್ಚಿ, ಒದ್ದೆ ಕೈಯಿಂದ ಮೆತ್ತಗೆ ಹಿಡಿಯಬೇಕು. ಒಣ ಕೈ ಲೋಳೆಯ ಪದರ ಕಿತ್ತುಬಿಡುತ್ತದೆ. ಇನ್ನೊಬ್ಬರು ಚೂಪು ತುದಿಯ ಚಿಮಟದಿಂದ ಹುಳವನ್ನು ಚರ್ಮಕ್ಕೆ ತಾಗುವಷ್ಟು ಬುಡದಲ್ಲಿ ಹಿಡಿದು, ಹುರುಪೆ ಮಲಗಿರುವ ದಿಕ್ಕಿಗೆ, ಅಂದರೆ ಬಾಲದ ಕಡೆಗೆ, ಜಗ್ಗದೆ ಒಂದೇ ಸಮನೆ ಎಳೆಯಬೇಕು. ನಡುವಿನಲ್ಲಿ ಹಿಡಿದರೆ ತುಂಡಾಗಿ ತಲೆ ಒಳಗೇ ಉಳಿದು ಹುಣ್ಣಾಗುತ್ತದೆ. ಬಂದ ಮೇಲೆ ಇಯರ್ ಬಡ್‌ಗೆ ಪೊವಿಡೋನ್ ಅಯೋಡಿನ್ ಅದ್ದಿ ಆ ಜಾಗಕ್ಕೆ ಮಾತ್ರ ಒತ್ತಿ, ಹತ್ತು ಎಣಿಸಿ, ನೀರು ಹನಿಸಿ ತೊಳೆದು ಬಿಡಿ. ಕಿವಿರಿಗೆ, ಕಣ್ಣಿಗೆ ತಾಗದಿರಲಿ. ಒಟ್ಟು ಒಂದು ನಿಮಿಷ ಮೀರಬಾರದು. ಹುಳ ನಾಲ್ಕಿದ್ದರೆ ನಡುವೆ ನೀರಿಗೆ ಬಿಟ್ಟು ಮತ್ತೆ ಹಿಡಿಯಿರಿ. ಮರಿ ಹುಳಗಳು ನೀರಿನಲ್ಲಿ ಇದ್ದೇ ಇರುತ್ತವೆ, ಆದ್ದರಿಂದ ವಾರಕ್ಕೊಮ್ಮೆಯಂತೆ ನಾಲ್ಕು ವಾರ ಹುಡುಕಿ ತೆಗೆಯಬೇಕು.

ಇಲ್ಲಿ ಒಂದು ಅಪಾಯದ ಅಡ್ಡದಾರಿ ಇದೆ. ಹುಳ ತಾನೇ ಅಂತ ಟೊಮೆಟೊಗೆ ಹೊಡೆಯುವ ಔಷಧಿಯನ್ನು ಒಂದು ಹನಿ ಹಾಕಿ ನೋಡುವುದು. ಹೊಲದ ಔಷಧಿಯಲ್ಲಿ ಹುಳ ಕೊಲ್ಲುವ ವಸ್ತುವಿನ ಜೊತೆ ಅದನ್ನು ನೀರಿನಲ್ಲಿ ಬೆರೆಸುವ ದ್ರಾವಕ, ಅಂಟೂ ಇರುತ್ತವೆ, ಅವೂ ಕಿವಿರಿಗೆ ವಿಷವೇ. ಒಂದು ಹನಿ ಅನ್ನುವುದು ಹೊಲಕ್ಕೆ ಸಣ್ಣ ಅಳತೆ, 50 ಲೀಟರಿಗೆ ಅಲ್ಲ. ಸ್ಪ್ರೇ ಮಾಡಿ ಬಂದ ಕೈಯನ್ನು ತೊಟ್ಟಿಗೆ ಹಾಕುವುದೂ ಬೇಡ.

ಗೋಲ್ಡ್‌ಫಿಶ್ ತಲೆಕೆಳಗಾಗಿ ತೇಲುತ್ತಿದ್ದರೆ ಅದು ಸತ್ತೇ ಹೋಗುತ್ತದೆ ಅಂದುಕೊಳ್ಳಬೇಕಿಲ್ಲ. ಉಂಡೆ ಮೈಯ ಒರಾಂಡಾ, ರಾಂಚು ಜಾತಿಗೆ ಒಣ ಪೆಲೆಟ್ ಹೊಟ್ಟೆಯಲ್ಲಿ ಉಬ್ಬಿ, ಗಾಳಿಚೀಲವನ್ನು ಒತ್ತುತ್ತದೆ. ಎರಡು ಮೂರು ದಿನ ಉಪವಾಸ, ಆಮೇಲೆ ಬೇಯಿಸಿದ ಹಸಿ ಬಟಾಣಿಯ ಸಿಪ್ಪೆ ತೆಗೆದು ಸಾಸಿವೆ ಗಾತ್ರದ ಚೂರು. ಚಳಿಗಾಲವೆಲ್ಲ ಅವರೆಬೇಳೆ ಹಿತುಕುವ ಕೈಗಳಿಗೆ ಸಿಪ್ಪೆ ತೆಗೆಯುವುದನ್ನು ಹೇಳಿಕೊಡಬೇಕಿಲ್ಲ. ವಾರವಾದರೂ ಸರಿಹೋಗದಿದ್ದರೆ ತೊಂದರೆ ಊಟದ್ದಲ್ಲ. ಹೊಟ್ಟೆ ಊದಿ, ಮೇಲಿನಿಂದ ನೋಡಿದಾಗ ಹುರುಪೆಗಳು ಅನಾನಸ್ ಸಿಪ್ಪೆಯ ಹಾಗೆ ಎದ್ದು ನಿಂತಿದ್ದರೆ ಮೂತ್ರಪಿಂಡ ಸೋತಿದೆ. 10 ಲೀಟರಿಗೆ 5 ಗ್ರಾಂ ಎಪ್ಸಮ್ ಸಾಲ್ಟ್ ಊತವನ್ನು ಸ್ವಲ್ಪ ಇಳಿಸೀತು. ಈ ಹಂತಕ್ಕೆ ಬಂದ ಮೀನು ಉಳಿಯುವುದು ಅಪರೂಪ.

ಬದುಕುವ ಲಕ್ಷಣ ಇಲ್ಲದೆ ನರಳುವ ಮೀನನ್ನು ನೋವಿಲ್ಲದೆ ಕಳಿಸಿಕೊಡಲು ಲವಂಗದ ಎಣ್ಣೆ ಇದೆ. ಲೀಟರಿಗೆ 0.4 ಮಿಲಿ, ಅಂದರೆ 8–10 ಹನಿ ಎಣ್ಣೆಯನ್ನು ಸಣ್ಣ ಬಾಟಲಿಯಲ್ಲಿ ಉಗುರುಬೆಚ್ಚಗಿನ ನೀರಿನ ಜೊತೆ ಹಾಲಿನಂತಾಗುವ ತನಕ ಕುಲುಕಿ, ಮೀನಿರುವ ಪಾತ್ರೆಗೆ ನಿಧಾನಕ್ಕೆ ಸುರಿಯಿರಿ. ಕಿವಿರು ಪೂರ್ತಿ ನಿಂತ ಮೇಲೂ ಹತ್ತು ನಿಮಿಷ ಅಲ್ಲೇ ಬಿಡಿ. ಗಿಡದ ಬುಡದಲ್ಲಿ ಹೂಳಿ. ಪಾಪ ಅಂತ ಕಾಯಿಲೆ ಮೀನನ್ನು ಕೆರೆಗೆ ಬಿಡುವುದು ಪುಣ್ಯದ ಕೆಲಸವಲ್ಲ, ಅದರ ಹುಳವೂ ಜೊತೆಗೇ ಹೋಗುತ್ತದೆ. ಕೆರೆಯಿಂದ ಮನೆಗೆ ಬರುವ ದಾರಿಯೂ ಅಷ್ಟೇ. 2018ರಿಂದ ಬೆಂಗಳೂರಿನ ಕೆ.ಸಿ. ವ್ಯಾಲಿಯ ಸಂಸ್ಕರಿಸಿದ ನೀರು ಬಂದ ಮೇಲೆ ಕೋಲಾರದ ಕೆರೆಗಳಲ್ಲಿ ಮತ್ತೆ ನೀರು, ಗಿಡ, ಹುಳ ಎಲ್ಲ ಸಿಗುತ್ತಿದೆ. ಅಲ್ಲಿಂದ ತಂದ ಪಾಚಿ, ಗಿಡಗಳ ಜೊತೆ ಮೀನಿನ ಹೇನು, ಜಿಗಣೆಯ ಮೊಟ್ಟೆ ಬರುತ್ತದೆ. ಅದು ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧ ಮಾಡಿದ ನೀರು ಅನ್ನುವುದೂ ನೆನಪಿರಲಿ, ಜೀವಂತ ಊಟಕ್ಕೆ ಅಲ್ಲಿ ಬಲೆ ಹಾಕಬೇಡಿ.

ಸೈಫನ್ ಪೈಪನ್ನು ಬಾಯಿಂದ ಎಳೆಯುವ ಅಭ್ಯಾಸ ಬಿಡಿ. ಬೆನ್ನು ಬಾಗಿ, ಒಣಗಿ ಕಡ್ಡಿಯಾಗಿ ಸಾಯುವ ಮೀನಿನಲ್ಲಿ ಕ್ಷಯದ ಜಾತಿಯ ಬ್ಯಾಕ್ಟೀರಿಯಾ ಇರಬಹುದು. ಅದು ಮನುಷ್ಯನ ಕೈಯ ಗಾಯಕ್ಕೆ ಸೇರಿದರೆ ತಿಂಗಳುಗಟ್ಟಲೆ ಆರದ ಗಂಟಾಗುತ್ತದೆ, ಚರ್ಮದ ಡಾಕ್ಟರಿಗೆ ಮೀನು ಸಾಕುವ ವಿಷಯ ಹೇಳದಿದ್ದರೆ ಅವರಿಗೂ ಹೊಳೆಯುವುದಿಲ್ಲ. ಟಬ್ಬಿಗೇ ಒಂದು ಬಲೆ, ಒಂದು ಪೈಪು, ಒಂದು ಮಗ್ಗು ಬೇರೆ ಇಟ್ಟು ಕೆಂಪು ಟೇಪು ಸುತ್ತಿ, ದೊಡ್ಡ ತೊಟ್ಟಿಗೆ ಅವು ಹೋಗಲೇಬಾರದು. ಕೆಲಸ ಮುಗಿದ ಮೇಲೆ ಬ್ಲೀಚಿಂಗ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಥಯೋಸಲ್ಫೇಟ್ ನೀರಿನಲ್ಲಿ ಅದ್ದಿ, ತಾರಸಿ ಮೇಲೆ ಎರಡು ದಿನ ಒಣಹಾಕಿ. ಬಿಳಿ ಚುಕ್ಕೆಯ ಚೀಲ ಒಣಗಿದರೆ ಉಳಿಯುವುದಿಲ್ಲ, ಮತ್ತು ನಮ್ಮ ಊರಿನ ಬಿಸಿಲಿಗೆ ಕೊರತೆಯೂ ಇಲ್ಲ.